ಅನುದಾನದ ಶಾಲೆ, ಬೆಳಗಿನ ಪ್ರಾರ್ಥನೆ, ವಿಜ್ಞಾನದ ಪೀರಿಯಡ್ಡು

ಪ್ರಶ್ನೆ: ನಾವು ಹೊನ್ನಾವರ ತಾಲೂಕಿನವರು. ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ನಡೆದು ಹೋಗುವಷ್ಟು ಹತ್ತಿರ ಇರುವುದು ಒಂದೇ ಪ್ರೌಢಶಾಲೆ. ಅದನ್ನು ಒಂದು ಧಾರ್ಮಿಕ ಸಂಸ್ಥೆ ನಡೆಸುತ್ತದೆ, ಮಾಸ್ತರುಗಳ ಸಂಬಳ ಸರ್ಕಾರದ ಅನುದಾನದಿಂದ ಬರುತ್ತದೆ. ದಿನಾ ಬೆಳಿಗ್ಗೆ ಅವರ ಧರ್ಮದ ಪ್ರಾರ್ಥನೆ, ವಾರಕ್ಕೊಮ್ಮೆ ನೀತಿಪಾಠದ ಹೆಸರಿನಲ್ಲಿ ಧರ್ಮೋಪದೇಶ ಇದೆ. ಅದನ್ನು ನಾವು ಇಷ್ಟು ದಿನ ದೊಡ್ಡದು ಮಾಡಿರಲಿಲ್ಲ. ಆದರೆ ಮೊನ್ನೆ ಅನುವಂಶೀಯತೆಯ ಪಾಠ ನಡೆಯುತ್ತಿದ್ದಾಗ ಮಗಳು ಮನುಷ್ಯ ಹೇಗೆ ಬಂದ ಎಂದು ಕೇಳಿದ್ದಕ್ಕೆ ವಿಜ್ಞಾನದ ಶಿಕ್ಷಕರು, ‘ಡಾರ್ವಿನ್ ಹೇಳಿದ್ದು ಬರೀ ಊಹೆ, ವಿಜ್ಞಾನಿಗಳೇ ಅದನ್ನು ಬಿಟ್ಟಿದ್ದಾರೆ, ನಿಜವಾದ ಉತ್ತರ ನಮ್ಮ ಗ್ರಂಥದಲ್ಲಿದೆ’ ಎಂದರಂತೆ. ಜನರ ತೆರಿಗೆಯ ಹಣ ಇಂಥ ಶಾಲೆಗೆ ಹೋಗುವುದು ಸರಿಯೇ? ನಾವು ಕೇಳಬಹುದೇ? ನಮ್ಮ ಮನೆಯವರು, ‘ಒಳ್ಳೆಯ ಸಂಸ್ಕಾರ ಕೊಡುತ್ತಾರೆ, ಸುಮ್ಮನಿರು’ ಎನ್ನುತ್ತಾರೆ.

ಉತ್ತರ: ಅದು ಯಾವ ಧರ್ಮದ ಸಂಸ್ಥೆ ಎಂಬುದನ್ನು ನೀವು ಪತ್ರದಲ್ಲಿ ಬರೆದಿದ್ದೀರಿ; ನಾನು ಬೇಕೆಂದೇ ಇಲ್ಲಿ ಬಿಟ್ಟಿದ್ದೇನೆ. ಮಠದ ಶಾಲೆಯಾದರೂ, ಚರ್ಚಿನ ಶಾಲೆಯಾದರೂ, ಮುಸ್ಲಿಂ ಸಂಸ್ಥೆಯ ಶಾಲೆಯಾದರೂ ನನ್ನ ಉತ್ತರದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಬದಲಾಗುವುದಾದರೆ ಅದನ್ನು ಉತ್ತರವೆನ್ನಲು ಬರುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತ, ಕೊನೆಯ ಕೆಲವು ವರ್ಷ ಶಿಕ್ಷಕರಿಗೆ ತರಬೇತಿ ಕೊಡುತ್ತ ನಾನು ಕಂಡದ್ದು ಇಷ್ಟು: ಪ್ರಾರ್ಥನೆಯ ಪ್ರಶ್ನೆಯನ್ನೂ ವಿಜ್ಞಾನದ ಪ್ರಶ್ನೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಶಾಲೆಗೆ ಹೋದ ಪಾಲಕರಿಗೆ ಎರಡೂ ಸಿಗುವುದಿಲ್ಲ. ನಿಮ್ಮ ಪತ್ರದಲ್ಲಿಯೂ ಎರಡೂ ಕೂಡಿಕೊಂಡಿವೆ. ಮೊದಲು ಬಿಡಿಸಿಕೊಳ್ಳೋಣ.

ಪ್ರಾರ್ಥನೆಯ ವಿಷಯದಲ್ಲಿ ಸಂವಿಧಾನದ 28ನೇ ವಿಧಿ ಬಹಳ ಸ್ಪಷ್ಟವಾಗಿದೆ, ಆದರೆ ಅದನ್ನು ಪೂರ್ತಿ ಓದಿದವರು ಕಡಿಮೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಅವಕಾಶವೇ ಇಲ್ಲ. ಸರ್ಕಾರದ ಮಾನ್ಯತೆ ಪಡೆದ ಅಥವಾ ಸರ್ಕಾರದ ನೆರವು ಪಡೆಯುವ ಶಾಲೆಯಲ್ಲಿ ಅದು ಇರಬಹುದು; ಆದರೆ ಅಲ್ಲಿ ಓದುವ ಯಾರೂ ಆ ಬೋಧನೆಯಲ್ಲಾಗಲಿ ಪೂಜೆ ಪ್ರಾರ್ಥನೆಗಳಲ್ಲಾಗಲಿ ಪಾಲ್ಗೊಳ್ಳಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಸರಿ, ಮಗು ಅಪ್ರಾಪ್ತವಯಸ್ಕವಾಗಿದ್ದರೆ ಪಾಲಕರು ಒಪ್ಪಿಗೆ ಕೊಟ್ಟಿರಬೇಕು. ಇಲ್ಲಿ ಎರಡು ಮಾತನ್ನು ಗಮನಿಸಬೇಕು. ಒಂದು, ‘ಮಾನ್ಯತೆ ಪಡೆದ ಅಥವಾ’ ಎಂಬ ಪದಗಳು ಇರುವುದರಿಂದ, ಅನುದಾನದ ಒಂದು ರೂಪಾಯಿಯನ್ನೂ ಪಡೆಯದ ಖಾಸಗಿ ಶಾಲೆಗೂ ಈ ನಿಯಮ ಅನ್ವಯಿಸುತ್ತದೆ. ಇನ್ನೊಂದು, ಮತ್ತು ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು, ಸಂವಿಧಾನ ಕೇಳಿರುವುದು ಒಪ್ಪಿಗೆಯನ್ನು. ನೀವು ಬೇಡವೆಂದು ಹೇಳಲಿಲ್ಲ ಎಂಬುದು ಒಪ್ಪಿಗೆಯಾಗುವುದಿಲ್ಲ. ಪ್ರವೇಶದ ಅರ್ಜಿಯಲ್ಲಿ ಇದಕ್ಕೆಂದೇ ಒಂದು ಸಾಲು ಇಟ್ಟು ಪಾಲಕರ ಸಹಿ ಪಡೆಯುವ ಶಾಲೆ ನನ್ನ ಸೇವಾವಧಿಯಲ್ಲಿ ಕಣ್ಣಿಗೆ ಬಿದ್ದದ್ದು ಅಪರೂಪ. ಎಲ್ಲ ಕಡೆ ಮೌನವನ್ನೇ ಸಹಿ ಎಂದುಕೊಂಡಿದ್ದಾರೆ.

ಹಾಗೆಂದ ಮಾತ್ರಕ್ಕೆ ಶಾಲೆಯಲ್ಲಿ ಧರ್ಮದ ಹೆಸರೇ ಎತ್ತಬಾರದು ಎಂದಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂಬ ಗೆರೆಯನ್ನು ಸರ್ವೋಚ್ಚ ನ್ಯಾಯಾಲಯ 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿಯೂ 2002ರ ಅರುಣಾ ರಾಯ್ ಪ್ರಕರಣದಲ್ಲಿಯೂ ಎಳೆದಿದೆ. ಗುರುನಾನಕರು ಏನು ಹೇಳಿದರು, ಬಸವಣ್ಣನವರು ಯಾಕೆ ಹಾಗೆ ಬದುಕಿದರು, ಯೇಸುವಿನ ಗಿರಿಪ್ರವಚನದಲ್ಲಿ ಏನಿದೆ ಎಂದು ತಿಳಿಸುವುದು ಪಾಠ. ಇದನ್ನು ನಂಬು, ಇವರಿಗೆ ಕೈಮುಗಿ ಎನ್ನುವುದು ಬೋಧನೆ. 2011ರಲ್ಲಿ ಸೋಂದಾದ ಸ್ವರ್ಣವಲ್ಲೀ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳ ಒಳಗೆ ಬಂದಾಗ ರಾಜ್ಯದಲ್ಲೆಲ್ಲ ಎದ್ದ ಚರ್ಚೆಯನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಆಗ ಗೀತೆ ಒಳ್ಳೆಯದೋ ಅಲ್ಲವೋ ಎಂಬ ಮಾತೇ ಹೆಚ್ಚು ಕೇಳಿಬಂತು. ಯಾವ ಬಗೆಯ ಶಾಲೆ, ಯಾರ ಒಪ್ಪಿಗೆ, ಶಾಲೆಯ ಯಾವ ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದವರು ಕೆಲವರೇ.

ಇನ್ನು ಹಣದ ಮಾತು. ಧಾರ್ಮಿಕ ಸಂಸ್ಥೆಯ ಶಾಲೆಗೆ ಸರ್ಕಾರ ಯಾಕೆ ಹಣ ಕೊಡಬೇಕು ಎಂದು ನೀವು ಕೇಳಿದ್ದೀರಿ. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 1854ರಲ್ಲಿ ಲಂಡನ್ನಿನಿಂದ ಭಾರತದ ಆಡಳಿತದ ಮೇಲ್ವಿಚಾರಣೆ ನೋಡುತ್ತಿದ್ದ ಚಾರ್ಲ್ಸ್ ವುಡ್, ಇಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರಕ್ಕೆ ಕಳಿಸಿದ ಶಿಕ್ಷಣ ನಿರೂಪದಲ್ಲಿಯೇ ಅನುದಾನದ ಪದ್ಧತಿ ಇದೆ. ಅದರ ಕರಾರು ಸರಳವಾಗಿತ್ತು: ಯಾವ ಮತದವರು ಶಾಲೆ ನಡೆಸಿದರೂ ಸರಿ, ಅಲ್ಲಿ ಕಲಿಸುವ ಲೌಕಿಕ ವಿದ್ಯೆ ಚೆನ್ನಾಗಿದ್ದರೆ ಅದಕ್ಕೆ ಹಣ, ಶಾಲೆಯಲ್ಲಿ ನಡೆಯುವ ಧರ್ಮಬೋಧೆಯ ಕಡೆ ತನಿಖಾಧಿಕಾರಿ ಕಣ್ಣು ಹಾಕತಕ್ಕದ್ದಲ್ಲ. ಅಂದರೆ ಹಣ ಬಂದದ್ದು ಗಣಿತಕ್ಕೆ, ಭಾಷೆಗೆ, ಭೂಗೋಳಕ್ಕೆ. ಆಮೇಲೆ 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆಳುವವರು ಬದಲಾದರೂ ಅನುದಾನದ ಈ ಒಳತಿರುಳು ಬದಲಾಗಲಿಲ್ಲ. ಯಾವುದೇ ಒಂದು ಧರ್ಮದ ಪ್ರಚಾರಕ್ಕೆಂದು ವಿನಿಯೋಗವಾಗುವ ತೆರಿಗೆಯನ್ನು ಕೊಡಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಸಂವಿಧಾನದ 27ನೇ ವಿಧಿ ಹೇಳುತ್ತದೆ. ಅಲ್ಪಸಂಖ್ಯಾತರು ನಡೆಸುವ ಶಾಲೆ ಎಂಬ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡಬಾರದು ಎಂದು 30ನೇ ವಿಧಿ ಹೇಳುತ್ತದೆ. ಇವೆರಡೂ ಒಟ್ಟಿಗೆ ನಿಲ್ಲುವುದು, ಕೊಟ್ಟ ಹಣ ಲೌಕಿಕ ಪಾಠಕ್ಕೇ ಹೋಗುತ್ತದೆ ಎಂಬ ನಂಬಿಕೆಯ ಮೇಲೆ.

ಅನುದಾನವನ್ನು ನಿಲ್ಲಿಸಿಬಿಡಿ ಎನ್ನುವವರ ಜೊತೆ ನಾನಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಶಾಲೆಗಳ ಚರಿತ್ರೆಯನ್ನು ತೆಗೆದು ನೋಡಿ. ಸರ್ಕಾರ ಮುಟ್ಟದ ಊರುಗಳನ್ನು ಸಂಘ ಸಂಸ್ಥೆಗಳು ಮುಟ್ಟಿದವು. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆ 1919ರಲ್ಲಿ ಹುಟ್ಟಿತು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದರು. ಅವರದು ಧಾರ್ಮಿಕ ಸಂಸ್ಥೆಯಲ್ಲ, ಆದರೂ ಅದೇ ಕಾಲದ ಅದೇ ಹಸಿವಿನಿಂದ ಹುಟ್ಟಿದ್ದು. ಚರ್ಚಿನವರು, ಮಠದವರು, ಊರ ದೇವಸ್ಥಾನದ ಕಮಿಟಿಯವರು ಜಾಗ ಕೊಟ್ಟು ಗೋಡೆ ಎಬ್ಬಿಸಿದ ಶಾಲೆಗಳಲ್ಲಿ ಮೀನುಗಾರರ, ಹಾಲಕ್ಕಿ ಒಕ್ಕಲಿಗರ, ಗದ್ದೆ ಕೂಲಿಯವರ ಮಕ್ಕಳು ಓದಿ ನೌಕರಿ ಹಿಡಿದಿದ್ದಾರೆ. ಇಂದು ಅನುದಾನ ನಿಂತರೆ ನಾಳೆ ಬಾಗಿಲು ಮುಚ್ಚುವುದು ಅಥವಾ ಶುಲ್ಕ ಏರುವುದು ಇಂಥ ಶಾಲೆಗಳಲ್ಲೇ. ಹೊರಗೆ ನಿಲ್ಲುವುದು ನಿಮ್ಮ ಮಗಳಂಥ, ನಡೆದು ಬರುವ ಹುಡುಗಿಯರು. ಹಾಗಾಗಿ ಹಣ ಬೇಡ ಎನ್ನುವ ಬದಲು ಹಣದ ಕರಾರು ಉಳಿಯಲಿ ಎನ್ನುವುದು ನನ್ನ ನಿಲುವು. ಸಂಸ್ಥೆ ತನ್ನ ಹೊತ್ತಿನಲ್ಲಿ, ಒಪ್ಪಿದವರ ಮಕ್ಕಳಿಗೆ, ತನ್ನ ಪ್ರಾರ್ಥನೆ ನಡೆಸಿಕೊಳ್ಳಲಿ. ವಿಜ್ಞಾನದ ಪೀರಿಯಡ್ಡಿನ ನಲವತ್ತು ನಿಮಿಷ ಮಾತ್ರ ಸಂಸ್ಥೆಯದಲ್ಲ. ಅದಕ್ಕೆ ಸಂಬಳ ಕೊಟ್ಟವರು ನಾವೆಲ್ಲರೂ, ಮತ್ತು ಕೊಟ್ಟದ್ದು ವಿಜ್ಞಾನಕ್ಕೆ.

ಇದು ನನ್ನದೇ ಹೊಸ ಕಲ್ಪನೆಯೇನೂ ಅಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಧಾರ್ಮಿಕ ಶಾಲೆಗಳು ಇಂದಿಗೂ ಇವೆ. ಆದರೆ ಅಕಾಡೆಮಿ ಮತ್ತು ಫ್ರೀ ಸ್ಕೂಲ್ ಎಂಬ ಬಗೆಯ ಶಾಲೆಗಳ ಹಣಕಾಸಿನ ಒಪ್ಪಂದದಲ್ಲಿಯೇ, ಜೀವಿಗಳನ್ನೆಲ್ಲ ದೇವರೇ ನೇರವಾಗಿ ಸೃಷ್ಟಿಸಿದ ಎನ್ನುವ ಸೃಷ್ಟಿವಾದವನ್ನು ವೈಜ್ಞಾನಿಕ ಸಿದ್ಧಾಂತವೆಂದು ಕಲಿಸಬಾರದು, ಜೀವವಿಕಾಸವನ್ನು ಕಲಿಸಬೇಕು ಎಂಬ ಷರತ್ತನ್ನು 2014ರ ಹೊತ್ತಿಗೆ ಬರೆದಿಟ್ಟರು. ಅಮೆರಿಕದಲ್ಲಿ ಇದೇ ಜಗಳ 1925ರಲ್ಲಿ ಟೆನೆಸ್ಸಿಯ ಒಬ್ಬ ಶಿಕ್ಷಕನಿಗೆ ವಿಕಾಸ ಕಲಿಸಿದ ಅಪರಾಧಕ್ಕೆ ನೂರು ಡಾಲರ್ ದಂಡ ಹಾಕುವಲ್ಲಿಂದ ಹಿಡಿದು, 2005ರಲ್ಲಿ ಪೆನ್ಸಿಲ್ವೇನಿಯದ ಡೋವರ್ ಊರಿನ ಪ್ರಕರಣದಲ್ಲಿ ‘ಬುದ್ಧಿವಂತ ವಿನ್ಯಾಸ’ ಎಂಬ ಹೊಸ ಹೆಸರಿನ ಸೃಷ್ಟಿವಾದ ವಿಜ್ಞಾನವಲ್ಲ ಎಂದು ನ್ಯಾಯಾಲಯ ತೀರ್ಪು ಕೊಡುವವರೆಗೆ ಬಂದಿದೆ. ನಮ್ಮಲ್ಲಿ ಅಷ್ಟು ನ್ಯಾಯಾಲಯದ ಕಥೆಯಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ನನ ಸಿದ್ಧಾಂತ ತಪ್ಪು ಎಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ, ಆ ಮಾತಿಗೆ ವೈಜ್ಞಾನಿಕ ಆಧಾರವಿಲ್ಲ, ಪಾಠದಿಂದ ವಿಕಾಸವನ್ನು ತೆಗೆಯುವುದು ಹಿಂದಕ್ಕೆ ಹೋದಂತೆ ಎಂದು ಹೇಳಿಕೆ ಕೊಟ್ಟವು. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರೀ ‘ಅನುವಂಶೀಯತೆ’ಯಾಗಿ ಉಳಿದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಮಕ್ಕಳ ಹೊರೆ ಇಳಿಸಲು ತೆಗೆದೆವು, ಹನ್ನೆರಡರಲ್ಲಿ ಇದೆಯಲ್ಲ ಎಂಬುದು ಅಲ್ಲಿಂದ ಬಂದ ಸಮಾಧಾನ. ಆದರೆ ಹನ್ನೆರಡರಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳುವ ಮಕ್ಕಳು ಎಷ್ಟು ಮಂದಿ? ಕಾಮರ್ಸಿಗೆ, ಐಟಿಐಗೆ, ಕೆಲಸಕ್ಕೆ ಹೋಗುವ ಮಕ್ಕಳಿಗೆ ವಿಜ್ಞಾನದ ಕೊನೆಯ ಪಾಠ ಹತ್ತನೆಯದೇ. ಆದ್ದರಿಂದ ಪುಸ್ತಕದಲ್ಲಿ ಪುಟ ಇರಲಿ, ಬಿಡಲಿ, ಹತ್ತನೆಯ ತರಗತಿಯ ಹುಡುಗಿ ಎದ್ದು ನಿಂತು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದದ್ದು ಶಿಕ್ಷಕರ ಕರ್ತವ್ಯ.

ನಿಮ್ಮ ಮಗಳಿಗೆ ಸಿಕ್ಕ ಉತ್ತರದಲ್ಲಿ ಎರಡು ತಪ್ಪುಗಳಿವೆ. ವಿಜ್ಞಾನಿಗಳು ವಿಕಾಸವನ್ನು ಬಿಟ್ಟಿದ್ದಾರೆ ಎಂಬುದು ಸುಳ್ಳು. ವಿಕಾಸ ಯಾವ ವೇಗದಲ್ಲಿ, ಯಾವ ಯಾವ ಬಗೆಯಲ್ಲಿ ನಡೆಯುತ್ತದೆ ಎಂಬ ಬಗ್ಗೆ ಅವರಲ್ಲಿ ಚರ್ಚೆ ಇದೆ, ನಡೆದಿದೆಯೇ ಎಂಬ ಬಗ್ಗೆ ಇಲ್ಲ. ‘ಬರೀ ಊಹೆ’ ಎಂಬುದಕ್ಕೆ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ನ್ಯೂಟನ್ನನದನ್ನು ನಾವು ಗುರುತ್ವಾಕರ್ಷಣೆಯ ನಿಯಮ ಎಂದೆವು, ಡಾರ್ವಿನ್ನನದನ್ನು ವಿಕಾಸವಾದ ಎಂದೆವು. ವಾದ ಎಂದೊಡನೆ ಮಕ್ಕಳ ಕಿವಿಗೆ ಪ್ರತಿವಾದವೂ ಕೇಳಿಸುತ್ತದೆ. ಇದು ಅವರ ವಾದ, ಅದು ಇವರ ವಾದ, ಯಾವುದನ್ನು ಹಿಡಿದರೂ ನಡೆದೀತು ಎಂದಾಗುತ್ತದೆ. ನಾನು ತರಗತಿಯಲ್ಲಿ ಜೀವವಿಕಾಸ ಎಂದೇ ಹೇಳುತ್ತಿದ್ದೆ, ತರಬೇತಿಗೆ ಬಂದ ಶಿಕ್ಷಕರಿಗೂ ಹಾಗೆಯೇ ಹೇಳಿ ಎಂದು ಕೇಳಿಕೊಳ್ಳುತ್ತಿದ್ದೆ.

ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ತಾನು ತಪ್ಪಾಗಬಹುದಾದ ಜಾಗವನ್ನು ತಾನೇ ತೋರಿಸಿಕೊಡುವಂಥದು. ಮೀನೂ ಹುಟ್ಟಿರದ ಕಾಲದ ಬಂಡೆಯಲ್ಲಿ ಮೊಲದ ಪಳೆಯುಳಿಕೆ ಸಿಕ್ಕರೆ ವಿಕಾಸದ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ಇಷ್ಟು ವರ್ಷ ನೆಲ ಅಗೆದರೂ ಅಂಥದು ಸಿಕ್ಕಿಲ್ಲ. ಬದಲಿಗೆ ನಡೆದದ್ದು ಏನೆಂದರೆ, ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಗಳ ಕಡೆಗೆ ದಾಟುವ ಜೀವಿ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಇರಬೇಕು ಎಂದು ಲೆಕ್ಕ ಹಾಕಿ, ಅಂಥ ಬಂಡೆಗಳನ್ನು ಹುಡುಕಿಕೊಂಡು ಕೆನಡಾದ ಉತ್ತರ ತುದಿಗೆ ಹೋದವರಿಗೆ 2004ರಲ್ಲಿ ಟಿಕ್ಟಾಲಿಕ್ ಸಿಕ್ಕಿತು: ಹುರುಪೆ ಇದೆ, ಈಜುರೆಕ್ಕೆ ಇದೆ, ಆ ರೆಕ್ಕೆಯೊಳಗೆ ತೋಳಿನಂಥ ಮೂಳೆಗಳೂ ಇವೆ, ಕುತ್ತಿಗೆಯೂ ಇದೆ. ಇಷ್ಟು ದೂರ ಬೇಡವೆಂದರೆ ಅಘನಾಶಿನಿಯ ಅಳಿವೆಗೆ ಬನ್ನಿ. ನೀರು ಇಳಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನ ಮೇಲೆ ಈಜುರೆಕ್ಕೆಗಳನ್ನೇ ಊರಿಕೊಂಡು ತೆವಳುವ, ಜಿಗಿಯುವ ಸಣ್ಣ ಮೀನು ಕಾಣುತ್ತದೆ. ಅದು ನಮ್ಮ ಪೂರ್ವಜ ಅಲ್ಲ, ಮಕ್ಕಳಿಗೆ ಹಾಗೆ ಹೇಳಿಬಿಟ್ಟರೆ ಮತ್ತೊಂದು ತಪ್ಪು ಕಲಿಸಿದಂತಾಗುತ್ತದೆ. ಮೀನೊಂದು ನೆಲದ ಮೇಲೆ ಹೊತ್ತು ಕಳೆಯುವುದು ಅಸಾಧ್ಯವಲ್ಲ ಎಂಬುದನ್ನಷ್ಟೇ ಅದು ತೋರಿಸಿಕೊಡುತ್ತದೆ.

ನಾನು ಪ್ರತಿವರ್ಷ ಈ ಪಾಠವನ್ನು ಶುರು ಮಾಡುತ್ತಿದ್ದದ್ದು ಮಾತ್ರ ಕಗ್ಗ ಭತ್ತದಿಂದ. ಕುಮಟಾದ ಕಡೆ ಅಳಿವೆಯ ಪಕ್ಕದ ಗಜನಿ ಗದ್ದೆಗಳಲ್ಲಿ ಬೆಳೆಯುವ ಈ ಭತ್ತ ನಿಮಗೂ ಗೊತ್ತಿರುತ್ತದೆ. ಉಪ್ಪು ನೀರು ನುಗ್ಗಿದರೂ, ದಿನಗಟ್ಟಲೆ ನೆರೆ ನಿಂತರೂ ತಡೆದುಕೊಳ್ಳುತ್ತದೆ. ಒಂದು ತಟ್ಟೆಯಲ್ಲಿ ಕಗ್ಗದ ಸಸಿ, ಇನ್ನೊಂದರಲ್ಲಿ ಘಟ್ಟದ ಮೇಲಿನಿಂದ ತಂದ ಭತ್ತದ ಸಸಿ. ಬೆರಳಷ್ಟು ಎತ್ತರವಾದ ಮೇಲೆ ಎರಡಕ್ಕೂ ಮಕ್ಕಳು ಗಜನಿಯಿಂದ ಬಾಟಲಿಯಲ್ಲಿ ತಂದ ಚೌಳು ನೀರನ್ನೇ ಹಾಕುವುದು. ಕೆಲವು ದಿನಗಳಲ್ಲಿ ಘಟ್ಟದ ಭತ್ತದ ತುದಿಗಳು ಹಳದಿಯಾಗಿ ಸುಟ್ಟಂತಾಗುತ್ತಿದ್ದವು, ಕಗ್ಗ ಹಸಿರಾಗಿಯೇ ನಿಂತಿರುತ್ತಿತ್ತು. ಯಾಕೆ ಎಂದು ಕೇಳಿದರೆ ಮೊದಲು ಎಲ್ಲರೂ, ‘ಅದು ಆ ಜಾತಿ ಸರ್’ ಎನ್ನುವರು. ಆ ಜಾತಿ ಹೇಗೆ ಆಯಿತು ಎಂದು ಕೇಳಿ ನಾನು ಸುಮ್ಮನೆ ನಿಲ್ಲುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂತಿದ್ದ, ಅಷ್ಟೇನೂ ಅಂಕ ತೆಗೆಯದ ಗಜನಿ ರೈತನ ಮಗಳೊಬ್ಬಳು ಹೇಳಿದ್ದು ನನಗೆ ಇನ್ನೂ ನೆನಪಿದೆ: ‘ಉಪ್ಪಿಗೆ ಸತ್ತಿದ್ದು ಸತ್ತೇ ಹೋಯ್ತು ಸರ್, ಬದುಕಿದ್ದೇ ಮುಂದಿನ ವರ್ಷಕ್ಕೆ ಬೀಜ ಆಯ್ತು.’ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ನೈಸರ್ಗಿಕ ಆಯ್ಕೆಯ ತಿರುಳು ಇಷ್ಟೇ. ಇದರಲ್ಲಿ ಬೀಜ ಆರಿಸಿಟ್ಟ ರೈತರ ಕೈಯೂ ಇದೆ, ಉಪ್ಪು ನೀರಿನ ಕೈಯೂ ಇದೆ ಎಂಬುದನ್ನು ಅಲ್ಲಿಂದ ಮುಂದೆ ಬಿಡಿಸಿ ಹೇಳಬಹುದು. ಆ ಹುಡುಗಿ ದಿನಾ ದೇವರಿಗೆ ಕೈಮುಗಿದೇ ಶಾಲೆಗೆ ಬರುತ್ತಿದ್ದವಳು. ಅದಕ್ಕೂ ಇದಕ್ಕೂ ಅವಳಿಗೆ ಎಲ್ಲಿಯೂ ತೊಡಕಾಗಲಿಲ್ಲ.

ಧರ್ಮಗ್ರಂಥದ ಉತ್ತರವನ್ನೂ ಜೊತೆಗೆ ಹೇಳಿದರೆ ತಪ್ಪೇನು, ಎರಡೂ ಕಡೆ ಕೇಳಿಕೊಳ್ಳಲಿ ಎಂದು ಅನೇಕ ಸಜ್ಜನ ಶಿಕ್ಷಕರೇ ನನ್ನೊಡನೆ ವಾದಿಸಿದ್ದಾರೆ. ಆರು ದಿನಗಳ ಸೃಷ್ಟಿಯಾಗಲಿ, ಮಣ್ಣಿನಿಂದ ಮಾಡಿದ ಮನುಷ್ಯನಾಗಲಿ, ದಶಾವತಾರವಾಗಲಿ, ಅವುಗಳನ್ನು ನಂಬುವವರಿಗೆ ಅವು ಬದುಕಿನ ಆಸರೆ. ಆದರೆ ಅವು ಪ್ರಯೋಗಕ್ಕೆ ಒಡ್ಡಿಕೊಂಡು ನಿಂತ ಮಾತುಗಳಲ್ಲ, ಒಡ್ಡಿಕೊಳ್ಳಬೇಕಾಗಿಯೂ ಇಲ್ಲ. ಮೀನು, ಆಮೆ, ಹಂದಿ, ಆಮೇಲೆ ನರಸಿಂಹ, ಆಮೇಲೆ ವಾಮನ, ನೋಡಿ ಡಾರ್ವಿನ್ನನಿಗಿಂತ ಮೊದಲೇ ನಮ್ಮಲ್ಲಿ ಇತ್ತು ಎಂಬ ಮಾತನ್ನು ನಾನು ಎಷ್ಟೋ ಶಾಲೆಗಳಲ್ಲಿ ಕೇಳಿದ್ದೇನೆ. ಹೇಳುವವರು ಧರ್ಮಕ್ಕೆ ಗೌರವ ಕೊಡುತ್ತಿದ್ದೇವೆಂದೇ ತಿಳಿದಿರುತ್ತಾರೆ. ಆದರೆ ಅವತಾರ ಎಂದರೆ ಇಳಿದು ಬರುವುದು. ಭಕ್ತರ ಮೊರೆಗೆ ಓಗೊಟ್ಟು ದೇವರು ಇಳಿದು ಬಂದ ಎಂಬುದು ಅದರ ಜೀವಾಳ. ಆಮೆಗೆ ಹಂದಿ ಹುಟ್ಟಿತು ಎಂದು ಯಾವ ಪುರಾಣವೂ ಹೇಳಿಲ್ಲ. ವಿಕಾಸವೂ ಮೆಟ್ಟಿಲುಮೆಟ್ಟಿಲಾಗಿ ಮೇಲಕ್ಕೆ ಹತ್ತುವ ಏಣಿಯಲ್ಲ, ಕವಲೊಡೆಯುವ ಮರ. ಎರಡನ್ನೂ ಒಂದೇ ಎಂದು ಹೊಲಿದಾಗ ಪುರಾಣವೂ ಕೆಡುತ್ತದೆ, ಪಾಠವೂ ಕೆಡುತ್ತದೆ. ನಮ್ಮ ಕಡೆಯ ಜನ ರಾತ್ರಿಯಿಡೀ ಯಕ್ಷಗಾನದ ಆಟ ನೋಡುವಾಗ, ಕಂಬದಿಂದ ನರಸಿಂಹ ಹೊರಬಂದ ಕ್ಷಣದಲ್ಲಿ ಮೈ ಜುಮ್ಮೆನ್ನುತ್ತಾರೆಯೇ ಹೊರತು ಕಂಬದ ಅಳತೆ ಕೇಳುವುದಿಲ್ಲ. ಆ ತಿಳಿವಳಿಕೆ ಶಾಲೆಯೊಳಗೂ ಇರಬೇಕು.

ನಿಮ್ಮ ಮನೆಯವರ ಮಾತಿಗೆ ನನ್ನದೇ ಬಾಲ್ಯದ ಒಂದು ಸಂಗತಿ ಹೇಳುತ್ತೇನೆ. 1980ರ ಫೆಬ್ರುವರಿ 16, ಶನಿವಾರ. ಆ ದಿನದ ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ಕಾರವಾರ, ಅಂಕೋಲೆಯ ನಮ್ಮ ಕರಾವಳಿಯಲ್ಲಿಯೇ. ನಾನಾಗ ಎಂಟನೆಯ ತರಗತಿ. ಮಧ್ಯಾಹ್ನ ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ನಮ್ಮ ಅಜ್ಜಿ ಹಾಲಿಗೆ, ನೀರಿನ ಕೊಡಕ್ಕೆ ದರ್ಭೆ ಹಾಕಿ ಒಳಗೆ ಜಪಕ್ಕೆ ಕೂತಿದ್ದರು. ನಮ್ಮ ವಿಜ್ಞಾನದ ಮಾಸ್ತರು ಹಿಂದಿನ ದಿನವೇ ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನನ್ನು ನೇರ ನೋಡಬೇಡಿ, ನೆಲದ ಮೇಲೆ ಬಿದ್ದ ಬೆಳಕನ್ನು ನೋಡಿ ಎಂದು ಕಲಿಸಿ ಕಳಿಸಿದ್ದರು. ನಾನು ಅಂಗಳದ ಮಾವಿನ ಮರದ ಕೆಳಗೆ ನಿಂತೆ. ರಟ್ಟೇ ಬೇಕಾಗಲಿಲ್ಲ, ಎಲೆಗಳ ಸಂದಿನಿಂದ ಇಳಿದ ಒಂದೊಂದು ಬೆಳಕಿನ ಚುಕ್ಕೆಯೂ ಕುಡುಗೋಲಿನ ಆಕಾರದಲ್ಲಿ ಅಂಗಳದ ತುಂಬ ಬಿದ್ದಿತ್ತು. ಆಮೇಲೆ ಎರಡು ನಿಮಿಷಕ್ಕೂ ಮಿಕ್ಕಿ ಕತ್ತಲೆ, ಮರಕ್ಕೆ ಮರಳಿದ ಕಾಗೆಗಳ ಗದ್ದಲ. ಆ ಮಾಸ್ತರು ಅಜ್ಜಿಯ ದರ್ಭೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸೋಮವಾರ ತರಗತಿಯಲ್ಲಿ ಚಂದ್ರನ ನೆರಳಿನ ಚಿತ್ರ ಬರೆಸಿದರು, ಅಷ್ಟೇ. ಅಜ್ಜಿ ಕೊಟ್ಟ ಸಂಸ್ಕಾರ ನನ್ನಲ್ಲಿ ಉಳಿಯಿತು, ಮಾಸ್ತರು ಕೊಟ್ಟ ವಿದ್ಯೆಯೂ ಉಳಿಯಿತು. ಅವರು ಅಜ್ಜಿಯ ಕೆಲಸವನ್ನು ತರಗತಿಯಲ್ಲಿ ಮಾಡಲು ಹೋಗಿದ್ದರೆ ನನಗೆ ಆ ವಿದ್ಯೆ ಕೊಡುವವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಇನ್ನು ನೀವು ಮಾಡಬೇಕಾದದ್ದು. ಮುಖ್ಯೋಪಾಧ್ಯಾಯರಿಗೆ ಎರಡು ಬೇರೆ ಬೇರೆ ಪತ್ರ ಬರೆಯಿರಿ, ಒಂದರ ಮಾತು ಇನ್ನೊಂದರಲ್ಲಿ ಬರಕೂಡದು. ಮೊದಲನೆಯದರಲ್ಲಿ 28ನೇ ವಿಧಿಯ 3ನೇ ಖಂಡವನ್ನು ಉಲ್ಲೇಖಿಸಿ, ಮಗಳು ಪ್ರಾರ್ಥನೆಯಲ್ಲಿ ಮತ್ತು ಧರ್ಮೋಪದೇಶದ ತರಗತಿಯಲ್ಲಿ ಪಾಲ್ಗೊಳ್ಳಲು ನಿಮ್ಮ ಒಪ್ಪಿಗೆ ಇದೆಯೇ ಇಲ್ಲವೇ ಎಂಬುದನ್ನು ತಿಳಿಸಿ. ಇಬ್ಬರೂ ಕೂತು ಮಾತಾಡಿ, ಪ್ರಾರ್ಥನೆ ಇರಲಿ ಎನಿಸಿದರೆ ಅದನ್ನೇ ಬರೆದು ಕೊಡಿ. ಒಪ್ಪಿಗೆ ಕೊಡುವುದೂ ನಿಮ್ಮ ಹಕ್ಕೇ. ಬೇಡವೆಂದಾದರೆ, ಬೇರೆಯವರು ಪ್ರಾರ್ಥಿಸುವಾಗ ಮಗಳು ಗೌರವದಿಂದ ಸುಮ್ಮನೆ ನಿಂತಿದ್ದರೆ ಸಾಕು ಎಂದು ಬರೆಯಿರಿ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪು ಎಂದು 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಸುಮ್ಮನೆ ನಿಲ್ಲುವುದು ಅವಮಾನವಲ್ಲ.

ಎರಡನೆಯ ಪತ್ರದಲ್ಲಿ ಧರ್ಮದ ಮಾತೇ ಬೇಡ. ಇಂಥ ದಿನ, ಇಂಥ ಪಾಠದಲ್ಲಿ, ಮಗಳು ಕೇಳಿದ ಪ್ರಶ್ನೆ ಇದು, ಸಿಕ್ಕ ಉತ್ತರ ಇದು, ಇದು ವೈಜ್ಞಾನಿಕವಾಗಿ ತಪ್ಪು, ತರಗತಿಯಲ್ಲಿ ತಿದ್ದಿ ಹೇಳಿಸಿ ಎಂದಷ್ಟೇ ಕೇಳಿ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕರ ಕರ್ತವ್ಯವೆಂದು 1976ರ 42ನೇ ತಿದ್ದುಪಡಿಯಿಂದ ಸೇರಿದ 51ಎ ವಿಧಿ ಹೇಳುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಬಹುದು. ಶಿಕ್ಷಕರ ಹೆಸರು ಹಿಡಿದು ದೂರಬೇಡಿ. ಅವರು ಎದುರಿಗೆ ಸಿಕ್ಕರೆ ಕಗ್ಗದ ಪ್ರಯೋಗವನ್ನು ಹೇಳಿ ನೋಡಿ, ಗೊತ್ತಿಲ್ಲದೆ ತಪ್ಪು ಹೇಳಿದವರೇ ಹೆಚ್ಚು, ಬೇಕೆಂದೇ ಹೇಳಿದವರು ಕಡಿಮೆ. ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮಗೆ ಸ್ವಾಯತ್ತತೆ ಇದೆ ಎಂಬ ಉತ್ತರ ಬಂದರೆ, ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲ ಎಂದು 1958ರಲ್ಲಿ ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿರುವುದನ್ನು ನೆನಪಿಸಿ.

ಎರಡೂ ಪತ್ರಗಳ ಪ್ರತಿಯ ಮೇಲೆ ಶಾಲೆಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಮನೆಯಲ್ಲಿಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅದೇ ಪ್ರತಿಗಳನ್ನು ಲಗತ್ತಿಸಿ ಹೊನ್ನಾವರದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದಲೂ ಆಗದಿದ್ದರೆ ಕಾರವಾರದ ಉಪನಿರ್ದೇಶಕರಿಗೆ ಕೊಡಿ. ಶಾಲೆಗೆ ಯಾವ ಯಾವ ಹುದ್ದೆಗೆ ಎಷ್ಟು ವೇತನಾನುದಾನ ಬರುತ್ತದೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಪಡೆಯಬಹುದು. ವಿಜ್ಞಾನ ಶಿಕ್ಷಕರ ಹುದ್ದೆ ಅದರಲ್ಲಿದ್ದರೆ ಆ ಹಾಳೆಯನ್ನು ಎರಡನೆಯ ಪತ್ರದ ಜೊತೆಗೇ ಪಿನ್ನು ಮಾಡಿ ಕಳಿಸಿ.